ತಂತಿಗೆ ಚುಚ್ಚಿದ ಎರಡು ಚೀಟಿ

ಪರರ ತಪ್ಪು ತಿದ್ದಿ ಹೊಟ್ಟೆ ಹೊರೆಯುವವನು ಸ್ವಂತ ತಪ್ಪನ್ನು ಅವಸರದಲ್ಲಿ ಮಾಡುವುದಿಲ್ಲ. ವಿಧಿವತ್ತಾಗಿ, ತಲೆ ಬಾಚಿಕೊಂಡು, ಬಸ್ಸಿನ ಟಿಕೆಟ್ ತೆಗೆದುಕೊಂಡು ಮಾಡುತ್ತಾನೆ. ನಾನು ಕೊಳ್ಳೇಗಾಲದ ಮನೆಯಲ್ಲಿ ಕುಳಿತು ದೂರದ ವಿಮಾ ಕಂಪನಿಯೊಂದರ ಮೇನ್‌ಫ್ರೇಮ್ ಎಂಬ ವಯೋವೃದ್ಧ ಕಂಪ್ಯೂಟರಿನ ಸೇವೆ ಮಾಡುವವನು. ಅದು ದಿನಕ್ಕೊಂದರಂತೆ ಬರುವ ಫೈಲುಗಳಲ್ಲಿ ಹಳೆಯದನ್ನು ಅಳಿಸದು; ಒಂದೇ ಹೆಸರಿನಡಿ, ತಲೆಮಾರಿನ ನಂಬರು ಕೊಟ್ಟು, ಒಂದರ ಮೇಲೊಂದು ಪೇರಿಸಿಡುತ್ತದೆ. ನಂಬರು ಹೇಳದೆ ಬರೀ ಹೆಸರು ಹೇಳಿದಿರೋ, ಅಷ್ಟನ್ನೂ ಓದುತ್ತದೆ. ಅದೂ ಹೇಗೆ? ಹೊಸದನ್ನು ಮೊದಲು, ಹಳೆಯದನ್ನು ಕಡೆಗೆ. ವಿಳಾಸ ಬದಲಾಯಿಸುವ ಕೆಲಸದಲ್ಲಿ ಕಡೆಗೆ ಓದಿದ್ದೇ ನಿಲ್ಲುವುದರಿಂದ, ಹೊಸ ಮನೆ ಕಟ್ಟಿಸಿ ಹಾಲುಕ್ಕಿಸಿದ ಗ್ರಾಹಕರೆಲ್ಲ ನಮ್ಮ ಲೆಕ್ಕದಲ್ಲಿ ಹಳೆಯ ಬಾಡಿಗೆ ಮನೆಗೇ ವಾಪಸಾಗಿದ್ದರು. ಅಂದು ಬೆಳಿಗ್ಗೆ ‘ಮೊದಲು ಬಂದದ್ದನ್ನು ಮೊದಲು ಓದು’ ಎಂದು ಒಂದೇ ಆಜ್ಞೆ ಸೇರಿಸಿ ಅವರನ್ನೆಲ್ಲ ಉದ್ಧರಿಸಿದೆ. ಕನ್ನಡಿ ಮುಂದೆ ನಿಂತು ನನಗೆ ನಾನೇ ಕೈಮುಗಿಯುವುದೊಂದು ಬಾಕಿ.

ಅಂದೇ ನನ್ನ ಹೆಂಡತಿ ಗಿರಿಜೆಯ ಅಣ್ಣನ ಮಗಳ ನಿಶ್ಚಿತಾರ್ಥ. ಗಿರಿಜೆ ಮುಂಚಿತವಾಗಿಯೇ ಹೊರಟಿದ್ದಳು. ಹುಡುಗಿ ಉಡಬೇಕಾದ ರೇಷ್ಮೆ ಸೀರೆ ಕುಚ್ಚು ಕಟ್ಟುವವರ ಬಳಿಯಿತ್ತು. ಅದನ್ನು ಇಸಿದುಕೊಂಡು ಹನ್ನೆರಡರೊಳಗೆ ತಲುಪಿಸುವ ಭಾರ ನನ್ನದು. ಕೆಲಸದ ಹೊತ್ತಿನಲ್ಲಿ ನಾನು ಫೋನ್ ಎತ್ತದ ಮಹಾತ್ಮ. ಆದ್ದರಿಂದ ಗಿರಿಜೆ ತನ್ನ ಆಜ್ಞೆಗಳನ್ನು ಚೀಟಿಯಲ್ಲಿ ಬರೆದು ಬಾಗಿಲ ಪಕ್ಕದ ತಂತಿಗೆ ಚುಚ್ಚುತ್ತಾಳೆ. ಎರಡು ಚೀಟಿಗಳಿದ್ದವು, ಹಳೆಯದರ ಮೇಲೆ ಹೊಸದು. ಮೇಲಿನದನ್ನು ತೆಗೆದು ಓದಿದೆ: ‘ಹುಡುಗನ ಮನೆ ಬೋರ್‌ವೆಲ್ ಮೋಟಾರು ಸುಟ್ಟಿದೆ. ಹನೂರಿಗೆ, ಅಣ್ಣನ ಮನೆಗೇ ಬನ್ನಿ.’ ಅದರ ಕೆಳಗಿನದು: ‘ಯಳಂದೂರಿಗೆ, ಹುಡುಗನ ಮನೆಗೆ ಬನ್ನಿ.’ ಕಡೆಗೆ ಓದಿದ್ದೇ ತಲೆಯಲ್ಲಿ ನಿಂತಿತು. ಹನೂರು ಪೂರ್ವಕ್ಕೆ, ನಾನು ಸೀರೆಯನ್ನು ಹಸುಗೂಸಿನಂತೆ ಅಪ್ಪಿಕೊಂಡು ಪಶ್ಚಿಮದ ಬಸ್ಸು ಹತ್ತಿದೆ.

ಯಳಂದೂರಿನ ಆ ಮನೆಯಂಗಳದಲ್ಲಿ ಇದ್ದದ್ದು ಬಿಚ್ಚಿ ಹರಡಿದ ಒಂದು ಮೋಟಾರು, ಒಬ್ಬ ಮೆಕ್ಯಾನಿಕ್. ನನ್ನ ಚೀಲವನ್ನು ಆಸೆಯಿಂದ ನೋಡಿ, “ಮೋಟ್ರು ಸಾಮಾನ್ ತಂದ್ರಾ ಸಾ? ಮನೆಯವ್ರೆಲ್ಲಾ ಅನೂರ್ಗ ಒಂಟೋದ್ರಲ್ಲಾ!” ಎಂದ.

ಫೋನ್ ನೋಡಿದರೆ ಗಿರಿಜೆ. “ಎಲ್ಲಿದ್ದೀರ್ರೀ? ಹುಡ್ಗಿ ಸೀರೆಗ ಕಾಯ್ಕಂಡು ಒಳ್ಗೇ ಕುಂತವಳ!”

ನಮ್ಮ ಮೇನ್‌ಫ್ರೇಮೂ ಹೀಗೇ ಓದುತ್ತದೆ ಎಂದು ವಿನಯದಿಂದ ಅರಿಕೆ ಮಾಡಿದೆ.

“ಅದ್ಕ ಹೆಂಡ್ತಿ ಇಲ್ಲ, ಹೆಂಗ್ ಓದುದ್ರೂ ನಡೀತದ. ನಿಮ್ಗ ಒಬ್ಳು ಅವಳ ಕಣ್ರೀ!”

“ಅತ್ತಿ ಸಾ, ಸುಬಕಾರ್ಯ” ಎಂದು ಮೆಕ್ಯಾನಿಕ್ಕೇ ಬೈಕು ಹೊರಡಿಸಿದ. ಕೊಳ್ಳೇಗಾಲದಲ್ಲಿ ನನ್ನದೇ ಮನೆಯ ಮುಂದೆ ಹಾದಾಗ ಸಾಲ ಕೊಟ್ಟವನ ಮನೆಯೇನೋ ಎಂಬಂತೆ ಮುಖ ತಿರುಗಿಸಿಕೊಂಡೆ. ಹನೂರು ತಲುಪಿದಾಗ ಒಂದೂವರೆ. ಹುಡುಗಿ ಅವ್ವನ ಧಾರೆ ಸೀರೆಯನ್ನೇ ಉಟ್ಟು ಉಂಗುರ ತೊಟ್ಟಾಗಿತ್ತು. “ಅವ್ವನ್ ಅಳೇ ಸೀರೇನೇ ಲಕ್ಷಣ ಕಣವ್ವ” ಎಂದು ಹುಡುಗನ ಅಜ್ಜಿ ಅವಳ ಗಲ್ಲ ಸವರುತ್ತಿದ್ದರು. ‘ನೋಡಿದೆಯಾ, ಹಳೆಯದೇ ಗೆದ್ದಿತು’ ಎನ್ನಲು ಬಾಯಿ ತೆರೆದವನು ಗಿರಿಜೆಯ ಕಣ್ಣು ಕಂಡು ಅದನ್ನು ಆಕಳಿಕೆಯಾಗಿ ಮಾರ್ಪಡಿಸಿದೆ.

ಊಟಕ್ಕೆ ಸಿಕ್ಕಿದ್ದು ಕಡೆಯ ಪಂಕ್ತಿಯ ಕಡೆಯ ಎಲೆ. ಹೋಳಿಗೆ ತಟ್ಟೆ ಹಿಡಿದು ಬರುತ್ತಿದ್ದ ಗಿರಿಜೆಯ ಅಣ್ಣನಿಗೆ, ಕಡೆಗೆ ಬಂದವರನ್ನೇ ಮೊದಲು ವಿಚಾರಿಸುವ ಸತ್ಸಂಪ್ರದಾಯ ದೊಡ್ಡ ದೊಡ್ಡ ಯಂತ್ರಗಳಲ್ಲಿದೆ ಎಂದು ಕೂಗಿ ತಿಳಿಸಿದೆ.

“ಇಲ್ಲಿ ಮೊದ್ಲು ಬಂದೋರ್ಗ ಮೊದ್ಲು ಕಣ್ ಭಾವ” ಎಂದ.

ಬೆಳಿಗ್ಗೆ ನಾನೇ ಹೊರಡಿಸಿದ್ದ ಆಜ್ಞೆ, ಮೇಲ್ಮನವಿ ಸಲ್ಲಿಸುವಂತಿರಲಿಲ್ಲ. ನನಗಿಂತ ಎರಡು ಎಲೆ ಮೊದಲೇ ಹೋಳಿಗೆ ಮುಗಿಯಿತು.