ಬಳ್ಳಾರಿ ಜಾಲಿ ಕಿತ್ತ ತಪ್ಪಿಗೆ

ಪುಕ್ಕಟೆ ದುಡಿಯುವವನನ್ನು ಕಂಡರೆ ಊರಲ್ಲಿ ಎಲ್ಲರೂ ಮೇಸ್ತ್ರಿಗಳೇ. ಕೂಲಿಯವನನ್ನು ಯಾರೂ ಬೈಯುವುದಿಲ್ಲ, ಮರುದಿನ ಬರದಿದ್ದರೆ ಎಂಬ ಹೆದರಿಕೆ. ಪುಕ್ಕಟೆಯವನು ಹೇಗೂ ಬರುತ್ತಾನೆ, ಬೈದರಾಯಿತು. ನಾನು ಬಾದಾಮಿಯಲ್ಲಿ ಪಂಕ್ಚರ್ ಹಾಕುವವನು, ಏಳನೇ ತರಗತಿಗೇ ಶಾಲೆ ಬಿಟ್ಟವನು. ಸುತ್ತಿ ಬಳಸಿ ಹೇಳಲು ಬರುವುದಿಲ್ಲ.

ನಮ್ಮೂರ ಗುಡ್ಡದ ಬುಡದಲ್ಲಿ ಕವಳಿ, ಕಾರಿ, ಬಾರಿ ಹಣ್ಣಿನ ಹಳೆಯ ಕಾಡಿದೆ. ಅದರೊಳಗೆ ಬಳ್ಳಾರಿ ಜಾಲಿ ನುಗ್ಗಿತು. ಅದು ಬಳ್ಳಾರಿಯದಲ್ಲ, ನಮ್ಮ ದೇಶದ್ದೇ ಅಲ್ಲ ಎಂದು ಅರಣ್ಯದ ಗಾರ್ಡ್ ಹೇಳಿದ. ನೆಂಟನಂತೆ ಬಂದು ಮನೆಯವರನ್ನೇ ಹೊರಗೆ ಹಾಕುವ ಗಿಡ. ಈ ಬೇಸಿಗೆಯಲ್ಲಿ ಹುಡುಕಿದರೆ ಒಂದೇ ಒಂದು ಕವಳಿ ಕಂಟಿ ಉಳಿದಿತ್ತು. ಅದನ್ನಾದರೂ ಉಳಿಸೋಣ ಎಂದು ಗಾರ್ಡ್‌ನನ್ನು ಕೇಳಿಕೊಂಡು, ನಾನೂ ಗೆಳೆಯರೂ ಭಾನುವಾರಗಳಂದು ಹಾರೆ ಹಿಡಿದು ಇಳಿದೆವು. ಮೇಲೆ ಕಡಿದರೆ ಮತ್ತೆ ಚಿಗುರುತ್ತದೆ, ಬೇರು ಸಮೇತ ಅಗೆಯಬೇಕು. ವಾರವಿಡೀ ಟೈರಿನಿಂದ ಮುಳ್ಳು ಕೀಳುವ ನಾನು ಭಾನುವಾರ ಕಾಲಿನಿಂದ ಕಿತ್ತುಕೊಂಡೆ. ಅಗೆದ ಕಟ್ಟಿಗೆಯನ್ನು ಊರವರು ಹೊತ್ತೊಯ್ದರು. ಒಬ್ಬರೂ ಒಂದು ಲೋಟ ಚಹಾ ಕೊಡಲಿಲ್ಲ.

ಕೊನೆಗೆ ಕವಳಿಯ ಮೇಲೆ ಕವುಚಿಕೊಂಡಿದ್ದ ಒಂದು ಜಾಲಿ ಪೊದೆ ಮಾತ್ರ ಉಳಿಯಿತು. ಹಾರೆ ಎತ್ತುವಷ್ಟರಲ್ಲಿ ಪಕ್ಕದ ಮನೆಯ ಬಸಪ್ಪ ಕಾಕಾ ತಂಬಿಗೆ ಹಿಡಿದು ಬಂದ.

"ಲೇ ಮಲ್ಯಾ, ಇದೊಂದನ್ನ ಮುಟ್ಟಬ್ಯಾಡ."

"ಇದು ಉಳಿದ್ರ ಕವಳಿ ಸಾಯ್ತೈತ್ರಿ ಕಾಕಾ."

"ಸತ್ರ ಸಾಯಲಿ. ಎಲ್ಲಾ ಬಯಲು ಮಾಡಿಟ್ಟಿ. ಮುಂಜಾನಿ ನಾವು ಎಲ್ಲಿ ಮರೆಯಾಗಿ ಕೂಡ್ಬೇಕು?"

"ಮನ್ಯಾಗ ಸಂಡಾಸ ಕಟ್ಟಿಸೀರಲ್ರಿ!"

"ಅದರಾಗ ಕಟಗಿ ತುಂಬೇನಿ."

"ಯಾವ ಕಟಗಿ?"

"ನೀ ಕಿತ್ತಿದ್ದಲೇ! ಮತ್ಯಾರು ಕೊಟ್ರು?"

ನನಗೆ ಮೈಯೆಲ್ಲ ಉರಿಯಿತು. "ನಾಚಿಕಿ ಆಗಂಗಿಲ್ಲೇನ್ರಿ? ಇವತ್ತ ಇದನ್ನ ಕಿತ್ತ ಮ್ಯಾಲ ನಾ ಉಣ್ಣಾಂವ!" ಎಂದು ಎಲ್ಲರೆದುರು ಕೂಗಿದೆ.

ಕಾಕಾ ತಂಬಿಗೆ ಕೆಳಗಿಟ್ಟ. "ಕೀಳಪಾ. ಮೊದಲ ನಿಮ್ಮ ಮನೀದು ಬಾಗಲಾ ತಗದ ನೋಡ್ಕೊಂಡ ಬಾ."

ನಮ್ಮ ಸಂಡಾಸದ ಬಾಗಿಲು ನಾನು ಕಂಡದ್ದು, ಸರ್ಕಾರದ ಸಹಾಯಧನಕ್ಕೆಂದು ಅದರ ಮುಂದೆ ಫೋಟೋಕ್ಕೆ ನಿಂತ ದಿನ ಮಾತ್ರ. ಹೋಗಿ ತೆಗೆದೆ. ನೆಲದಿಂದ ಮೇಲಿನ ಪತ್ರಾಸ ತಗಡಿನವರೆಗೆ ಜಾಲಿ, ಒತ್ತಾಗಿ, ಚಂದವಾಗಿ.

"ಯವ್ವಾ, ಏನಿದು?" ಎಂದು ಅವ್ವನನ್ನು ಕೇಳಿದೆ.

"ಮಳಿಗಾಲದ ಕಟಗಿ. ಒಂದ ತುಂಡರ ಅಳ್ಳಾಡಿಸಿ, ನೋಡ ಮತ್ತ!"

"ಇಲ್ಲಿ ಇಡ್ತಾರೇನು?"

"ತೊಯ್ದ ಕಟಗೀಲೆ ರೊಟ್ಟಿ ನೀನ ಸುಟ್ಟು ತೋರ್ಸು. ಊರ ಗಿಡಾ ಕೀಳಾಂವ, ಮನ್ಯಾಗ ನಾಕ ಕಟಗಿಗೆ ಜಾಗಾ ಮಾಡಿಯೇನು?"

ಮರಳಿ ಗುಡ್ಡಕ್ಕೆ ಬಂದೆ. ಕಾಕಾ ಹೋಗಿರಲಿಲ್ಲ. ಕೊಡಲಿ ತೆಗೆದುಕೊಂಡು, ಕವಳಿಗೆ ಒಂದಿಷ್ಟು ಬಿಸಿಲು ಬೀಳುವಂತೆ ಪೊದೆಯ ಒಂದು ಮಗ್ಗುಲನ್ನು ಸವರಿದೆ. ಬೇರಿಗೆ ಹಾರೆ ಹಾಕಲಿಲ್ಲ.

"ಬೇರು ಮುಂದಿನ ವಾರ ತಗಿಯೋಣು," ಎಂದೆ.

ಯಾಕೆ ಎಂದು ಗೆಳೆಯರು ಒಬ್ಬರೂ ಕೇಳಲಿಲ್ಲ. ಅವರ ಮನೆಗಳಲ್ಲೂ ಸಂಡಾಸಗಳಿವೆ.