ಕುರಿಮರಿಗೆ ಕೋಳಿ ಗೊಬ್ಬರ

೧. ದಾರಿ

"ಕೋಳಿ ಫಾರಂಗೆ ಹೇಗೆ ಹೋಗೋದಣ್ಣ?" ಕುಂದಾಣದಾಚೆ ಮೂರನೇ ಸಲ ಅದೇ ಅರಳಿಕಟ್ಟೆಗೆ ವಾಪಸ್ಸು ಬಂದಿದ್ದ ನಾನು ಕೇಳಿದೆ. ಹತ್ತಾರು ದೇಶ ಸುತ್ತಿದವಳಿಗೆ ಮನೆಯಿಂದ ಹತ್ತು ಕಿಲೋಮೀಟರಿನೊಳಗೆ ದಾರಿ ತಪ್ಪುತ್ತದೆ. ಕುರಿಮರಿಗಳ ಸಹವಾಸಕ್ಕೆ ಬಿದ್ದ ಮೇಲಂತೂ ಇಂಥದ್ದು ವಾರಕ್ಕೊಂದು ಗ್ಯಾರಂಟಿ.

ಕಟ್ಟೆಯ ಮೇಲಿದ್ದವರು, ನೇರ ಹೋಗಿ, ನೊಣ ಎಲ್ಲಿ ಜಾಸ್ತಿಯಾಗುತ್ತೋ ಅಲ್ಲಿ ಎಡಕ್ಕೆ ತಿರುಗಿ ಅಂದರು. ಗೊಬ್ಬರ ಎಷ್ಟು ಎಕರೆಗೆ ಅಂತಲೂ ವಿಚಾರಿಸಿದರು. ಹೊಲಕ್ಕಲ್ಲ, ಕುರಿಮರಿಗೆ ತಿನ್ನಿಸೋಕೆ ಅಂದೆ. ಎಡಕ್ಕೆ ತೋರಿಸಿದ್ದ ಕೈಯನ್ನು ಇನ್ನೊಂದು ಕಡೆಗೆ ತಿರುಗಿಸಿದರು.

"ಹಂಗಾದ್ರೆ ಮೊದ್ಲು ಬಲಕ್ಕೆ ತಿರುಗಿ ಮೇಡಂ. ಅಲ್ಲಿ ಆಸ್ಪತ್ರೆ ಐತೆ."

೨. ಡ್ರಮ್ಮು

ಮರಿಗಳು ಪಕ್ಕದ ಮನೆಯ ಅಕ್ಕನವು. ಕೋಳಿ ಗೊಬ್ಬರದ ಮೇವಿನಲ್ಲಿ ಅಗ್ಗಕ್ಕೆ ಕೊಬ್ಬಿಸುವ ಪ್ರಯೋಗಕ್ಕೆಂದು ಎರಡನ್ನು ಬೇಡಿ ತಂದಿದ್ದೆ. ಯುಗಾದಿಯ ಮಾರನೇ ದಿನ, ಹೊಸತೊಡಕಿನ ಬಾಡೂಟಕ್ಕೆ ಅವರ ಅಣ್ಣಂದಿರು ಬರುವವರಿದ್ದರು. "ಅವರ ಮುಂದೆ ನನ್ನ ಮಾನ ಹೋಗ್ಬಾರ್ದು. ಮೊದಲ ತುತ್ತು ನೀವೇ ತಿಂದು ತೋರಿಸ್ಬೇಕು" ಅಂತ ಮಾತು ತೆಗೆದುಕೊಂಡೇ ಅಕ್ಕ ಹಗ್ಗ ಕೈಗೆ ಕೊಟ್ಟಿದ್ದು.

ಪಶುವೈದ್ಯರು ಹೇಳಿದಂತೆ ಗೊಬ್ಬರ ಜರಡಿ ಹಿಡಿದು, ಕತ್ತರಿಸಿದ ಜೋಳದ ಮೇವು, ಬೆಲ್ಲದ ನೀರು ಬೆರೆಸಿ, ಡ್ರಮ್ಮಿಗೆ ತುಂಬಿ, ಗಾಳಿಯಾಡದಂತೆ ಮೂರು ವಾರ ಮುಚ್ಚಿಟ್ಟೆ. ಬೆಲ್ಲ, ಡ್ರಮ್ಮು, ಹುಳಿ ವಾಸನೆ. ಊರಿನಲ್ಲಿ ಇದಕ್ಕಿರುವ ಅರ್ಥ ಒಂದೇ. ಒಂದು ಸಂಜೆ ಹಿರಿಯರೊಬ್ಬರು ಪಂಚೆ ಮರೆಯಲ್ಲಿ ಸ್ಟೀಲ್ ಲೋಟ ಹಿಡಿದು ಬಂದು, ಯಾರಿಗೂ ಹೇಳಲ್ಲ ಅಂದರು. ನಾನು ಮುಚ್ಚಳ ತೆಗೆದು, ಒಳಗೆ ಏನೇನಿದೆ ಅಂತ ಒಂದೊಂದಾಗಿ ವಿವರಿಸಿದೆ.

ಅವರು ಯೋಚಿಸಿ ಕೇಳಿದರು: "ಸೋಸಿದ್ರೆ?"

೩. ಮೊದಲ ತುತ್ತು

ಮರಿಗಳು ಚೆನ್ನಾಗಿ ತಿಂದವು, ಬೆನ್ನು ತುಂಬಿಕೊಂಡವು. ಹಬ್ಬಕ್ಕೆ ಹದಿನೈದು ದಿನವಿರುವಾಗ ವೈದ್ಯರ ಮಾತಿನಂತೆ ಆ ಮೇವು ನಿಲ್ಲಿಸಿ ಹಸಿರು ಹಾಕಿದೆ. ಆದರೆ ಡ್ರಮ್ಮಿನ ಸುದ್ದಿ ಅಣ್ಣಂದಿರಿಗೆ ಮೊದಲೇ ಮುಟ್ಟಿತ್ತು. ಹೊಸತೊಡಕಿನ ದಿನ ಮುದ್ದೆ, ಆ ಮರಿಯ ಸಾರು ಬಡಿಸಿದರೂ ಮೂವರೂ ಕೈಕಟ್ಟಿ ಕೂತರು. ಅಕ್ಕ ಸೌಟು ಹಿಡಿದು ನಿಂತೇ ಇದ್ದರು, ಕಣ್ಣೀರೊಂದು ಬಾಕಿ.

ಕೊಟ್ಟ ಮಾತಿನ ಸಾಲ ತೀರಿಸಲು ನಾನು ತಟ್ಟೆ ಮುಂದೆ ಕೂತೆ. ಮುದ್ದೆ ಮುರಿದು ಸಾರಿಗದ್ದಿ ನುಂಗಿದೆ. ತುಂಡೂ ತಿಂದೆ. ದೊಡ್ಡಣ್ಣ ಗಡಿಯಾರ ನೋಡಿ, ಒಂದರ್ಧ ಗಂಟೆ ಕಾಯೋಣ ಅಂದ. ನನಗೆ ಕಾಯಲು ಆಗಲಿಲ್ಲ. ಇನ್ನೊಂದು ಸೌಟು ಹಾಕಿಸಿಕೊಂಡೆ. ಆಮೇಲೆ ನಲ್ಲಿಮೂಳೆ ಕೇಳಿ ಪಡೆದೆ. ಮೂರನೇ ಸಲ ತಟ್ಟೆ ನೀಡಿದಾಗ ದೊಡ್ಡಣ್ಣ ಪಾತ್ರೆಯನ್ನೇ ತನ್ನತ್ತ ಎಳೆದುಕೊಂಡ.

"ನಿಮ್ಮ ಮಾತು ತೀರ್ತು ಬಿಡಿ ಮೇಡಂ. ಕೈ ತೊಳ್ಕೊಳ್ಳಿ."