ಎರಡು ಕ್ಯಾಮೆರಾ ಹಾಗೂ ಮೀಸೆಯಣ್ಣನವರ ಪೂರ್ತಿ ಮುಖದ ಕುರಿತು

ಸಂಖ್ಯೆ: ಛಾಶಾ/ಕ್ಯಾಮೆರಾ/ಆಯ್ಕೆ/ಮುಂದೂಡಿಕೆ-9
ದಿನಾಂಕ: ತಿಂಗಳ ಕೊನೆಯ ಕೆಲಸದ ದಿನ, ಬೆಳಿಗ್ಗೆ ಹನ್ನೊಂದೂವರೆ

ಸುತ್ತೋಲೆ

ವಿಷಯ: ಛಾಯಾಚಿತ್ರ ಶಾಖೆಗೆ ಎರಡು ಕಂಪನಿಗಳ ಪೈಕಿ ಒಂದರ ಕ್ಯಾಮೆರಾವನ್ನು ಆರಿಸುವುದು, ಹಾಗೂ ಇಂದು ನಿವೃತ್ತರಾಗಲಿರುವ ಅಟೆಂಡರ್ ಶ್ರೀ ಮೀಸೆಯಣ್ಣನವರ ಒಂದೇ ಒಂದು ಪೂರ್ತಿ ಮುಖದ ಫೋಟೊವನ್ನು ಸಂಜೆ ನಾಲ್ಕರೊಳಗೆ ಹೇಗಾದರೂ ಮಾಡಿ ತೆಗೆಯುವುದು – ಬಗ್ಗೆ.

ಉಲ್ಲೇಖ:
1. ಇದೇ ವಿಷಯದ ಹಿಂದಿನ ಎಂಟು ಸುತ್ತೋಲೆಗಳು (ಯಾರೂ ಓದಿಲ್ಲ).
2. ಶಾಖೆಯ ಛಾಯಾಗ್ರಾಹಕರ ವಿವರಣಾ ಪತ್ರ, ನೂರ ಹನ್ನೆರಡು ಪುಟ (ಓದಲು ಶುರು ಮಾಡಿದವರು ರಜೆಯಲ್ಲಿದ್ದಾರೆ).
3. ಬೆರಳಚ್ಚುಗಾರ್ತಿಯವರ ಮೌಖಿಕ ಹೇಳಿಕೆ (ಗಟ್ಟಿ ದನಿಯಲ್ಲಿ).

ಪೀಠಿಕೆ:

ಶಾಖೆಯ ಹಳೆಯ ಕ್ಯಾಮೆರಾ ಹದಿನಾಲ್ಕು ತಿಂಗಳ ಹಿಂದೆ ಮೆಟ್ಟಿಲಿನಿಂದ ಉರುಳಿ ಕಣ್ಣು ಮುಚ್ಚಿದ್ದರಿಂದ, ಎರಡು ಕಂಪನಿಗಳಿಂದ ತಲಾ ಒಂದು ಕ್ಯಾಮೆರಾವನ್ನು ಹದಿನೈದು ದಿನಗಳ ಪರೀಕ್ಷೆಗೆಂದು ತರಿಸಿಕೊಳ್ಳಲಾಗಿತ್ತು. (ಎಂಟು ಸಲ ಮುಂದೂಡಿ, ಪರೀಕ್ಷೆ ಇನ್ನೂ ನಡೆದಿದೆ.) ಒಂದರ ಕುತ್ತಿಗೆ ಪಟ್ಟಿ ಕೆಂಪು, ಇನ್ನೊಂದರದು ನೀಲಿ. ಎರಡರಲ್ಲೊಂದನ್ನು ಆರಿಸುವ ಜವಾಬ್ದಾರಿಯನ್ನು ಛಾಯಾಗ್ರಾಹಕರಿಗೆ ವಹಿಸಲಾಗಿತ್ತು. ಇಲಾಖೆ ಮಾಡಿದ ತಪ್ಪು ಅದೊಂದೇ.

ಛಾಯಾಗ್ರಾಹಕರು ಇಪ್ಪತ್ತೆರಡು ವರ್ಷ ಸೇವೆ ಸಲ್ಲಿಸಿದವರು, ಕೆಲಸದಲ್ಲಿ ಚಿನ್ನದಂಥ ಮನುಷ್ಯ. ಆದರೆ ಆರಿಸಿ ಎಂದ ಕೂಡಲೇ ಸದರಿಯವರಿಗೆ ಬೆವರು ಕಿತ್ತುಕೊಂಡು ಬರುತ್ತದೆ. ಕೆಂಪನ್ನು ಕೈಗೆತ್ತಿಕೊಂಡರೆ ನೀಲಿಯ ನೆನಪಾಗುತ್ತದೆ, ನೀಲಿಯನ್ನು ಎತ್ತಿಕೊಂಡರೆ ಕೆಂಪು ಮುಖ ಊದಿಸಿಕೊಂಡು ಕೂತಿರುವಂತೆ ಕಾಣುತ್ತದೆ. ಯಾವುದರ ಚಿತ್ರ ಹೆಚ್ಚು ಸ್ಪಷ್ಟ ಎಂದು ತೀರ್ಮಾನಿಸಲು ಅವರು ಕಂಡುಕೊಂಡ ಉಪಾಯವೆಂದರೆ ಮೀಸೆಯಣ್ಣನವರ ಮೀಸೆ. ದಿನಾ ಮಧ್ಯಾಹ್ನ ಕಿಟಕಿ ಪಕ್ಕದ ಸ್ಟೂಲಿನ ಮೇಲೆ ಅವರನ್ನು ಕೂರಿಸಿ, ಎರಡರಲ್ಲೂ ಹೊಡೆದು, ಪರದೆಯ ಮೇಲೆ ದೊಡ್ಡದು ಮಾಡಿ, ಯಾವುದರಲ್ಲಿ ಎಷ್ಟು ಕೂದಲು ಬಿಡಿಬಿಡಿಯಾಗಿ ಕಾಣುತ್ತದೆಂದು ಎಣಿಸುವುದು ವಾಡಿಕೆಯಾಯಿತು.

ಮೀಸೆಯಣ್ಣನವರು ಮೂವತ್ತನಾಲ್ಕು ವರ್ಷ ಈ ಕಚೇರಿಯ ಕಾರಿಡಾರ್ ಗೋಡೆಯ ಮೇಲಿನ ನಿವೃತ್ತರ ಫೋಟೊಗಳ ಧೂಳು ಒರೆಸಿದವರು. ತಮ್ಮ ಫೋಟೊಗೆಂದು ಮೊಳೆಯನ್ನು ಅವರೇ ಹೊಡೆದಿದ್ದಾರೆ. ಕಟ್ಟು ಹಾಕಿಸಲು ಒಂದು ಫೋಟೊ ಕೊಡಿ ಎಂದು ಅವರು ಈ ವಾರ ಕೇಳಿದಾಗ, ದಾಸ್ತಾನು ಪರಿಶೀಲಿಸಲಾಗಿ ಕಂಡುಬಂದದ್ದು ಈ ಕೆಳಗಿನಂತಿದೆ:

ಮೀಸೆ, ಬಲಭಾಗ – 1,940
ಮೀಸೆ, ಎಡಭಾಗ – 1,105
ಕಿವಿ – 611
ಅಂಗಿಯ ಎರಡನೇ ಗುಂಡಿ – 402
ಮೂಗಿನ ತುದಿ – 214
ಮೀಸೆಯಣ್ಣನವರು ಬೇಸತ್ತು ಎದ್ದುಹೋದ ಮೇಲೆ ಖಾಲಿ ಸ್ಟೂಲು – 40
ಒಟ್ಟು – 4,312
ಪೂರ್ತಿ ಮುಖ – ಇಲ್ಲ

ಇದನ್ನು ನೋಡಿ ಛಾಯಾಗ್ರಾಹಕರಿಗೆ ನಾಚಿಕೆಯಾಗಿರುವುದು ನಿಜ. ಎರಡು ದಿನ ಊಟದ ಡಬ್ಬಿ ಮುಚ್ಚಳ ತೆಗೆಯದೆ ವಾಪಸು ಹೋಗಿದೆ. ಸದರಿಯವರು ಅಧೀಕ್ಷಕರ ಮುಂದೆ ನಿಂತು ಕೊಟ್ಟ ಹೇಳಿಕೆಯನ್ನು ಇದ್ದದ್ದು ಇದ್ದ ಹಾಗೆ ದಾಖಲಿಸಲಾಗಿದೆ: “ಗೋಡೆ ಮೇಲೆ ಇರೋ ಫೋಟೊ ಸಾರ್ ಅದು, ನಾನು ಹೋದ್ಮೇಲೂ ಇರುತ್ತೆ. ಕೆಂಪಲ್ಲಿ ತೆಗೆದ್ರೆ ನೀಲೀಲಿ ಇನ್ನೂ ಚೆನ್ನಾಗಿ ಬರ್ತಿತ್ತೇನೋ ಅಂತ ಜೀವ ಹೊಡ್ಕೊಳ್ಳುತ್ತೆ. ಬೇರೆ ಯಾರದಾದ್ರೂ ಆಗಿದ್ರೆ ಕಣ್ಮುಚ್ಚಿ ಒತ್ತಿಬಿಡ್ತಿದ್ದೆ. ಇದು ಅಣ್ಣಂದು.”

ಎರಡೂ ಕಂಪನಿಯವರು ಇಂದು ಸಂಜೆ ನಾಲ್ಕಕ್ಕೆ ಬಂದು, ಬೇಡವಾದದ್ದನ್ನು ಹೊತ್ತೊಯ್ಯಲಿದ್ದಾರೆ. ಬೀಳ್ಕೊಡುಗೆಯೂ ನಾಲ್ಕಕ್ಕೇ. ಆದ್ದರಿಂದ ಈ ಕೆಳಕಂಡ ಸೂಚನೆಗಳನ್ನು ಹೊರಡಿಸುವುದು ಅನಿವಾರ್ಯವಾಗಿದೆ.

ಸೂಚನೆಗಳು:

1. ಕಚೇರಿಯ ಆವರಣದಲ್ಲಿ ಕಂಪನಿಗಳ ಹೆಸರನ್ನು ಯಾರೂ ಉಚ್ಚರಿಸತಕ್ಕದ್ದಲ್ಲ. ‘ಕೆಂಪು’, ‘ನೀಲಿ’ ಎಂದಷ್ಟೇ ಹೇಳುವುದು. ಹಾಗೆ ಹೇಳುವಾಗ ಹುಬ್ಬು ಹಾರಿಸುವುದನ್ನೂ ಮೂಗು ಮುರಿಯುವುದನ್ನೂ ಪಕ್ಷಪಾತವೆಂದು ಪರಿಗಣಿಸಲಾಗುವುದು.

2. ಊಟದ ಕೋಣೆಯಲ್ಲಿ ಕೆಂಪಿನವರು ಒಂದು ಮೇಜು, ನೀಲಿಯವರು ಒಂದು ಮೇಜು ಎಂದು ಬೇರೆಬೇರೆ ಕೂರುತ್ತಿರುವುದು ಗಮನಕ್ಕೆ ಬಂದಿದೆ. ಇವರಲ್ಲಿ ಒಬ್ಬರಾದರೂ ಜನ್ಮದಲ್ಲಿ ಕ್ಯಾಮೆರಾ ಹಿಡಿದವರಲ್ಲ. ಮೇಜುಗಳನ್ನು ಈ ದಿನವೇ ಕೂಡಿಸತಕ್ಕದ್ದು. ನಡುವೆ ಎಳೆದಿರುವ ಸೀಮೆಸುಣ್ಣದ ಗೆರೆಯನ್ನು ಎಳೆದವರೇ ಅಳಿಸತಕ್ಕದ್ದು. ಅದು ಉಗ್ರಾಣದವರ ಕೈಬರಹ ಎಂಬುದು ಎಲ್ಲರಿಗೂ ಗೊತ್ತಿದೆ.

3. ಛಾಯಾಗ್ರಾಹಕರನ್ನು “ಎರಡರಲ್ಲಿ ಯಾವುದು ಒಳ್ಳೇದು?” ಎಂದು ಕೇಳುವುದನ್ನು ಈ ಮೂಲಕ ನಿಷೇಧಿಸಲಾಗಿದೆ. ಏಳು ತಿಂಗಳ ಹಿಂದೆ ಗುಮಾಸ್ತರೊಬ್ಬರು ಕೈ ತೊಳೆಯಲು ಹೋಗುತ್ತಾ ಈ ಪ್ರಶ್ನೆ ಕೇಳಿದ್ದು, ಉತ್ತರ ಇನ್ನೂ ಮುಗಿದಿಲ್ಲ. ಸದರಿ ಗುಮಾಸ್ತರು ಈಗ ಹಿಂದಿನ ಬಾಗಿಲಿನಿಂದ ಓಡಾಡುತ್ತಾರೆ.

4. ಛಾಯಾಗ್ರಾಹಕರು ಇಂಟರ್ನೆಟ್ಟಿನಲ್ಲಿ ಕ್ಯಾಮೆರಾ ಪಂಡಿತರ ವಿಡಿಯೊಗಳನ್ನು ದಿನಕ್ಕೆ ಎರಡಕ್ಕಿಂತ ಹೆಚ್ಚು ನೋಡತಕ್ಕದ್ದಲ್ಲ. ಮೊದಲನೆಯವರು ಕೆಂಪು ಎಂದು, ಎರಡನೆಯವರು ನೀಲಿ ಎಂದು ಹೇಳಿದಲ್ಲಿ, ತೀರ್ಪಿಗಾಗಿ ಮೂರನೆಯವರ ಬಳಿ ಹೋಗತಕ್ಕದ್ದಲ್ಲ. ಸದರಿ ಪಂಡಿತರೆಲ್ಲರೂ ಅರ್ಧ ಗಂಟೆ ತಲೆ ತಿಂದು, ಕಡೆಗೆ “ನಿಮ್ಮ ಅಗತ್ಯ ನೋಡಿಕೊಂಡು ಆರಿಸಿ” ಎಂದು ಕೈ ತೊಳೆದುಕೊಳ್ಳುತ್ತಾರೆ. ಶಾಖೆಯ ಅಗತ್ಯವೇನೆಂದು ಲಿಖಿತವಾಗಿ ವಿಚಾರಿಸಲಾಗಿ, ಗುರುತಿನ ಚೀಟಿಗೆ ಮುಖ ಕಂಡರೆ ಸಾಕು ಎಂಬ ಉತ್ತರ ಬಂದಿದೆ.

5. ಚಿತ್ರವನ್ನು ಪರದೆಯ ಮೇಲೆ ಹಿಗ್ಗಿಸಿ ನೋಡಲು ಇನ್ನು ಮುಂದೆ ಅನುಮತಿ ಕಡ್ಡಾಯ. ಮುಖದವರೆಗೆ ಛಾಯಾಗ್ರಾಹಕರ ಸ್ವಂತ ವಿವೇಚನೆ; ಮೂಗಿನವರೆಗೆ ಅಧೀಕ್ಷಕರು; ಒಂದು ಕೂದಲಿನವರೆಗೆ ನಿರ್ದೇಶಕರು. ಕೂದಲಿನ ತುದಿ ಸೀಳಿದೆಯೇ ಎಂದು ನೋಡಲು ಯಾರಿಗೂ ಅಧಿಕಾರವಿಲ್ಲ.

6. ರದ್ದು. (ಛಾಯಾಗ್ರಾಹಕರ ಮನೆಯ ವಿಷಯ. ಬೆರಳಚ್ಚುಗಾರ್ತಿಯವರು ಅವರ ಹೆಂಡತಿಯೇ ಆಗಿರುವುದರಿಂದ ಬೆರಳಚ್ಚು ಮಾಡಲು ನಿರಾಕರಿಸಿದ್ದಾರೆ. ಬದಲಿಗೆ ತಮ್ಮ ಮೌಖಿಕ ಹೇಳಿಕೆಯನ್ನು ಸೇರಿಸಬೇಕೆಂದು ಪಟ್ಟು ಹಿಡಿದಿದ್ದು, ಅದನ್ನು ಸೇರಿಸದಿದ್ದರೆ ಸುತ್ತೋಲೆಯೇ ಹೊರಡುವುದಿಲ್ಲವಾದ್ದರಿಂದ ಸೇರಿಸಲಾಗಿದೆ: “ರೀ, ನನ್ನ ನೋಡೋಕೆ ಬಂದಾಗ ಹತ್ತು ನಿಮಿಷದಲ್ಲಿ ಹೂಂ ಅಂದ್ರಲ್ಲ! ಅದೂ ನಿಮ್ಮಮ್ಮ ಎರಡು ಸಲ ಕೆಮ್ಮಿದ್ಮೇಲೆ. ಈಗ ಒಂದು ಡಬ್ಬ ಆರಿಸೋಕೆ ಹದಿನಾಲ್ಕು ತಿಂಗಳಾ? ಆ ಅಣ್ಣನ ಮುಖ ನೋಡಿ ಒಂದು ಸಲ. ಮೀಸೆ ಅಲ್ಲ ರೀ, ಮುಖ!”)

7. ಕೆಂಪಿನ ಲೆನ್ಸ್ ನೀಲಿಯ ಮೈಗೆ ಕೂರುವುದಿಲ್ಲ. ನೀಲಿಯದು ಕೆಂಪಿಗೆ ಕೂರುವುದಿಲ್ಲ. ಇವೆರಡಕ್ಕೂ ಸಂಬಂಧ ಬೆಳೆಸುವ ಉದ್ದೇಶದಿಂದ ಉಗ್ರಾಣದವರು ಸಾಬೂನು ಹಚ್ಚಿ ತಿರುಗಿಸಿದ್ದು ಮೆಚ್ಚತಕ್ಕ ಭಾವನೆಯಾದರೂ, ಅದನ್ನು ಪುನರಾವರ್ತಿಸತಕ್ಕದ್ದಲ್ಲ.

8. ಕೆಂಪಿನಲ್ಲಿ ತೆಗೆದರೆ ಮುಖ ಈಗತಾನೆ ಸ್ನಾನ ಮಾಡಿ ಬಂದಂತೆಯೂ, ನೀಲಿಯಲ್ಲಿ ತೆಗೆದರೆ ಈಗತಾನೆ ಜ್ವರ ಬಿಟ್ಟಂತೆಯೂ ಕಾಣುತ್ತದೆಂದು ಸಿಬ್ಬಂದಿ ದೂರಿದ್ದಾರೆ. ತಮ್ಮದನ್ನು ಕೆಂಪಿನಲ್ಲೂ, ತಮ್ಮ ಹುದ್ದೆಯಲ್ಲಿ ಹಿಂದೆ ಇದ್ದವರದನ್ನು ನೀಲಿಯಲ್ಲೂ ತೆಗೆಯುವಂತೆ ಕೋರಿ ಹಿರಿಯ ಅಧಿಕಾರಿಯೊಬ್ಬರಿಂದ ಬಂದ ಮನವಿಯನ್ನು ಕಡತದಲ್ಲಿ ಇರಿಸಲಾಗಿದೆ. ಅದನ್ನು ಯಾರೂ ಹುಡುಕತಕ್ಕದ್ದಲ್ಲ.

9. ಎರಡೂ ಕ್ಯಾಮೆರಾಗಳನ್ನು ಒಟ್ಟಿಗೆ ಕುತ್ತಿಗೆಗೆ ನೇತುಹಾಕಿಕೊಂಡು, ಒಂದಕ್ಕೆ ಬೇಜಾರಾಗದಂತೆ ಇನ್ನೊಂದನ್ನು ಸವರುತ್ತಾ ಓಡಾಡುವುದನ್ನು ನಿಲ್ಲಿಸತಕ್ಕದ್ದು. ಇದರಿಂದ ಬಂದ ಕುತ್ತಿಗೆ ನೋವಿಗೆ ರಜೆ ಮಂಜೂರಾಗದು. ಕ್ಯಾಮೆರಾಗೆ ಬೇಜಾರಾಗುವುದಿಲ್ಲ ಎಂದು ಈ ಮೂಲಕ ಸ್ಪಷ್ಟಪಡಿಸಲಾಗಿದೆ.

10. ನಾಣ್ಯ ಚಿಮ್ಮಿ ತೀರ್ಮಾನಿಸುವ ಸಲಹೆಯನ್ನು ಕಳೆದ ವಾರ ಜಾರಿಗೊಳಿಸಲಾಗಿತ್ತು. ಛಾಯಾಗ್ರಾಹಕರು ಬಿದ್ದ ನಾಣ್ಯದ ಫೋಟೊವನ್ನು ಎರಡೂ ಕ್ಯಾಮೆರಾದಲ್ಲಿ ತೆಗೆದು ಹೋಲಿಸುತ್ತಾ ಕೂತಿದ್ದರಿಂದ ಸದರಿ ಸಲಹೆಯನ್ನು ಹಿಂಪಡೆಯಲಾಗಿದೆ.

11. ಆದ್ದರಿಂದ, ಯಾವ ಕ್ಯಾಮೆರಾ ಎಂಬುದನ್ನು ಮೀಸೆಯಣ್ಣನವರೇ ಆರಿಸತಕ್ಕದ್ದು ಎಂದು ಆದೇಶಿಸಲಾಗಿದೆ. ಈ ಬಗ್ಗೆ ಅವರನ್ನು ಹನ್ನೊಂದು ಗಂಟೆಗೆ ಕರೆಸಿ ಕೇಳಲಾಗಿ, ಅವರು ಕೈಯಲ್ಲಿದ್ದ ಧೂಳಿನ ಬಟ್ಟೆಯನ್ನು ಮಡಚುತ್ತಾ ಕೊಟ್ಟ ಉತ್ತರ ಹೀಗಿದೆ: “ನಂಗೇನ್ ಗೊತ್ತಾಗುತ್ತೆ ಸಾರ್. ಎರಡೂ ಕಪ್ಪಗಿವೆ. ಆ ಸಾರ್ ಒಳ್ಳೆಯವ್ರು, ದಿನಾ ಟೀ ತರಿಸಿ ಕೊಡ್ತಾರೆ, ಮಾತಾಡಿಸ್ತಾರೆ. ಆದ್ರೆ ಮಾತಾಡೋವಾಗ್ಲೂ ಮೀಸೆ ಕಡೇನೇ ನೋಡ್ತಿರ್ತಾರೆ. ಮೂವತ್ನಾಲ್ಕು ವರ್ಷ ಎಲ್ರ ಮುಖಾನೂ ಒರೆಸಿದೀನಿ. ನನ್ನ ಮುಖಾನೂ ಅಲ್ಲಿರ್ಲಿ ಅಂತ ಆಸೆ ಸಾರ್, ಸುಳ್ಳು ಯಾಕೆ ಹೇಳ್ಲಿ.” ಇಷ್ಟು ಹೇಳಿ, ಊಟದ ಹೊತ್ತಿಗೆ ಒಂದು ಗಂಟೆ ಹೊರಗೆ ಹೋಗಿ ಬರಲು ಅನುಮತಿ ಕೋರಿದರು. ಮೂವತ್ತನಾಲ್ಕು ವರ್ಷಗಳಲ್ಲಿ ಅವರು ಕೇಳಿದ ಮೊದಲ ಅನುಮತಿಯಾದ್ದರಿಂದ ಯಾಕೆಂದು ಕೇಳದೆ ನೀಡಲಾಗಿದೆ.

12. ನಾಲ್ಕರೊಳಗೆ ಫೋಟೊ ಆಗದಿದ್ದಲ್ಲಿ, ಮೀಸೆಯ ಬಲಭಾಗ, ಎಡಭಾಗ, ಕಿವಿ, ಮೂಗು ಮತ್ತು ಗುಂಡಿಯ ಚಿತ್ರಗಳನ್ನು ಒಂದೇ ಕಟ್ಟಿನಲ್ಲಿ ಜೋಡಿಸಿ ಗೋಡೆಗೆ ಹಾಕತಕ್ಕದ್ದು. ಕಣ್ಣು ಎಲ್ಲಿಂದ ತರುವುದು ಎಂಬ ಉಗ್ರಾಣದವರ ಪ್ರಶ್ನೆ ಪರಿಶೀಲನೆಯಲ್ಲಿದೆ.

ಸೇರ್ಪಡೆ (ಸುತ್ತೋಲೆ ಸಹಿಗೆ ಹೋಗುವ ಮುನ್ನ ನಡೆದದ್ದು):

ಮಧ್ಯಾಹ್ನ ಮೂರು ಇಪ್ಪತ್ತಕ್ಕೆ ಛಾಯಾಗ್ರಾಹಕರು ಎರಡೂ ಕ್ಯಾಮೆರಾಗಳನ್ನು ಮೇಜಿನ ಮೇಲಿಟ್ಟುಕೊಂಡು, ಒಂದರ ಲೆನ್ಸನ್ನು ಒರೆಸಿ ಇನ್ನೊಂದನ್ನು ಒರೆಸುತ್ತಾ ಕೈಕೈ ಹಿಸುಕಿಕೊಳ್ಳುತ್ತಿದ್ದಾಗ, ಅಪರಿಚಿತ ವ್ಯಕ್ತಿಯೊಬ್ಬರು ಬಂದು ಕಿಟಕಿ ಪಕ್ಕದ ಸ್ಟೂಲಿನ ಮೇಲೆ ಕೂತರು. ಛಾಯಾಗ್ರಾಹಕರು ತಲೆಯೆತ್ತಿ, “ಯಾರು ಬೇಕಿತ್ತು ಯಜಮಾನ್ರೇ? ಗುರುತಿನ ಚೀಟಿ ಫೋಟೊ ಆದ್ರೆ ನಾಳೆ ಬನ್ನಿ, ಇವತ್ತು ನಮ್ಮಣ್ಣಂದು ಒಂದು ಅರ್ಜೆಂಟ್ ಕೆಲ್ಸ ಇದೆ” ಎಂದರು.

“ನಾನೇ ಸಾರ್” ಎಂದರು ಆ ವ್ಯಕ್ತಿ. “ರಸ್ತೆಯಾಚೆ ಕ್ಷೌರದಂಗ್ಡೀಲಿ ತೆಗೆಸಿಬಿಟ್ಟೆ. ಇನ್ನು ಎಣಿಸೋಕೆ ಏನೂ ಇಲ್ಲ. ಈಗ್ಲಾದ್ರೂ ನನ್ನ ನೋಡಿ ತೆಗೀರಿ.”

“ಅಯ್ಯೋ ಅಣ್ಣಾ, ಏನ್ ಮಾಡ್ಕೊಂಡ್ಬಿಟ್ರಿ!” ಎಂದು ಛಾಯಾಗ್ರಾಹಕರು ಎದ್ದು ನಿಂತರು. ಸದರಿಯವರ ಕಣ್ಣು ತುಂಬಿಕೊಂಡಿತು. ಇದನ್ನು ಮುಚ್ಚಿಡುವ ಅಗತ್ಯ ಇಲಾಖೆಗೆ ಕಂಡುಬಂದಿಲ್ಲ. ಅವರು ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ ಆ ಮುಖವನ್ನು ಹಣೆಯಿಂದ ಗದ್ದದವರೆಗೆ ನೋಡಿದರು. ಮೀಸೆಯ ಕೆಳಗೆ ಇಷ್ಟು ವರ್ಷ ಒಂದು ಪಕ್ಕಕ್ಕೆ ವಾಲಿದ, ಸ್ವಲ್ಪ ತುಂಟತನದ ನಗು ಇದ್ದದ್ದು ಕಚೇರಿಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಆ ನಗು ಹೋಗಿಬಿಟ್ಟೀತೆಂಬ ಗಾಬರಿಯಲ್ಲಿ ಕೈಗೆ ಸಿಕ್ಕ ಕ್ಯಾಮೆರಾ ಎತ್ತಿ ಒಂದೇ ಒಂದು ಸಲ ಒತ್ತಿದರು. ಬಾಗಿಲಲ್ಲಿ ನಿಂತಿದ್ದ ಬೆರಳಚ್ಚುಗಾರ್ತಿಯವರು “ಸರಿಯಾಯ್ತು ರೀ” ಎಂದರು. ಇದೂ ಕಚೇರಿಯ ಇತಿಹಾಸದಲ್ಲಿ ಮೊದಲನೆಯದು.

ಯಾವುದರಲ್ಲಿ ತೆಗೆದಿರಿ ಎಂದು ಅಧೀಕ್ಷಕರು ವಿಚಾರಿಸಲಾಗಿ, “ನೋಡ್ಲಿಲ್ಲ ಸಾರ್” ಎಂಬ ಉತ್ತರ ಬಂದಿದೆ. ಅದನ್ನು ತಿಳಿಯಲು ಚಿತ್ರದ ಒಳವಿವರಗಳನ್ನು ಕಂಪ್ಯೂಟರಿನಲ್ಲಿ ತೆರೆದು ನೋಡುವುದನ್ನು ಶಾಶ್ವತವಾಗಿ ನಿಷೇಧಿಸಲಾಗಿದೆ. ನಾಲ್ಕಕ್ಕೆ ಬಂದ ಎರಡೂ ಕಂಪನಿಯವರ ಪೈಕಿ, ಬಾಗಿಲಿಗೆ ಹತ್ತಿರ ನಿಂತವರ ಕ್ಯಾಮೆರಾವನ್ನು ವಾಪಸು ಕೊಟ್ಟು, ಉಳಿದದ್ದನ್ನು ಉಳಿಸಿಕೊಳ್ಳಲಾಗಿದೆ. ಛಾಯಾಗ್ರಾಹಕರು ಯಾವುದು ಹೋಯಿತೆಂದು ತಿರುಗಿ ನೋಡಲಿಲ್ಲ. ಕಾರಿಡಾರಿನಲ್ಲಿ ಸ್ಟೂಲು ಹತ್ತಿ ಕಟ್ಟು ನೇರ ಮಾಡುತ್ತಿದ್ದರು.

ಫೋಟೊ ಸ್ವಲ್ಪ ಅಲುಗಿದೆ. ಹಾಗೆಯೇ ಅಂಗೀಕರಿಸಲಾಗಿದೆ. ಕಟ್ಟಿನ ಕೆಳಗೆ ಮೊದಲೇ ಬರೆಸಿದ್ದ ‘ಮೀಸೆಯಣ್ಣ’ ಎಂಬ ಹೆಸರಿಗೂ ಚಿತ್ರದಲ್ಲಿರುವವರಿಗೂ ತಾಳೆಯಾಗುವುದಿಲ್ಲ ಎಂಬ ಉಗ್ರಾಣದವರ ಆಕ್ಷೇಪಣೆಯನ್ನು ತಿರಸ್ಕರಿಸಲಾಗಿದೆ.

ಸಹಿ/-
ಅಧೀಕ್ಷಕರು, ಛಾಯಾಚಿತ್ರ ಶಾಖೆ
(ಸಹಿ ಕೆಂಪು ಶಾಯಿಯೋ ನೀಲಿ ಶಾಯಿಯೋ ಎಂದು ಯಾರೂ ಕೇಳತಕ್ಕದ್ದಲ್ಲ)

ಪ್ರತಿಗಳು:
1. ನಿರ್ದೇಶಕರಿಗೆ, ಮಾಹಿತಿಗಾಗಿ. ಒಂದು ಕೂದಲಿನ ಅಧಿಕಾರವನ್ನು ಇನ್ನು ಬಳಸುವ ಪ್ರಮೇಯವಿಲ್ಲವೆಂದು ತಿಳಿಸುತ್ತಾ.
2. ಉಗ್ರಾಣಕ್ಕೆ, ಸಾಬೂನು ಹಿಂದಿರುಗಿಸುವಂತೆ ಸೂಚಿಸಿ.
3. ಹಿಂದಿನ ಬಾಗಿಲಿನಿಂದ ಓಡಾಡುವ ಗುಮಾಸ್ತರಿಗೆ, ಇನ್ನು ಮುಂಬಾಗಿಲಿನಿಂದ ಬರಬಹುದೆಂದು.
4. ಬೆರಳಚ್ಚುಗಾರ್ತಿಯವರಿಗೆ. (ಈಗಾಗಲೇ ಓದಿದ್ದಾರೆ. ಎರಡು ಕಡೆ ತಿದ್ದಿದ್ದಾರೆ.)
5. ಕಚೇರಿ ಕಡತಕ್ಕೆ, 4,312 ಚಿತ್ರಗಳೊಂದಿಗೆ.
6. ನಿವೃತ್ತ ಅಟೆಂಡರ್ ಮೀಸೆಯಣ್ಣನವರಿಗೆ. ಇಷ್ಟು ವರ್ಷ ಎಲ್ಲರ ಪ್ರತಿಗಳನ್ನೂ ಅವರೇ ಹಂಚುತ್ತಿದ್ದು, ಅವರ ಪ್ರತಿಯನ್ನು ಹಂಚುವವರು ಈಗ ಕಚೇರಿಯಲ್ಲಿ ಯಾರೂ ಇಲ್ಲದಿರುವುದರಿಂದ, ಛಾಯಾಗ್ರಾಹಕರೇ ಖುದ್ದಾಗಿ ಅವರ ಮನೆಗೆ ಕೊಂಡೊಯ್ದು, ಕೂತು ಮಾತಾಡಿಸಿಕೊಂಡು ಬರತಕ್ಕದ್ದು. ಕ್ಯಾಮೆರಾ ಒಯ್ಯತಕ್ಕದ್ದಲ್ಲ.